ಲಂಡನ್ನಿನಲ್ಲಿ ಚಕ್ಕಳಮಕ್ಕಳ

ಲಂಡನ್ನಿಗೆ ಹೋಗಿ ಬಂದೆ ಎಂದರೆ ಮೈಸೂರಿನ ಯಾದವಗಿರಿಯ ನಮ್ಮ ಬೀದಿಯ ಹೆಂಗಸರು ಮೊದಲು ವಿಚಾರಿಸುವುದು ರಾಣಿಯ ಅರಮನೆಯನ್ನು. ನೋಡಿದೆ, ಹೊರಗಿನಿಂದ. ನಮ್ಮ ಅರಮನೆಯನ್ನು ಕಂಡ ಕಣ್ಣಿಗೆ ಅದೊಂದು ದೊಡ್ಡ ಕಚೇರಿಯ ಹಾಗೆ ಕಂಡಿತು. ಆಮೇಲೆ ಕೇಳುತ್ತಾರೆ, ಆರು ತಿಂಗಳು ಅಲ್ಲಿ ಕೂತು ಏನು ಮಾಡಿದಿರಿ ಎಂದು. ನಮ್ಮ ಯಜಮಾನರು ನೀರಾವರಿ ಕೆಲಸದ ತರಬೇತಿಗೆ ಹೋಗಿದ್ದವರು, ದಿನಾ ಏನಾದರೂ ಕಲಿತು ಬರುತ್ತಿದ್ದರು. ನಾನು ಕಲಿಸಿ ಬಂದೆ. ಮೂವತ್ತು ಜನ ದೊಡ್ಡವರಿಗೆ ನೆಲದ ಮೇಲೆ ಕೂರುವುದನ್ನು ಹೇಳಿಕೊಟ್ಟೆ. ಅದರಿಂದಾಗಿ ಒಂದು ಮನೆಯೇ ಎರಡಾಗುವುದರಲ್ಲಿತ್ತು. ಅದನ್ನೇ ಹೇಳುತ್ತೇನೆ.

ಮಿಸೆಸ್ ಹಾಬ್ಸ್ ಅವರ ಮನೆ

ಅರವತ್ತೊಂದನೆಯ ಇಸವಿ. ನಾವು ಇಳಿದುಕೊಂಡದ್ದು ಊರಿನ ಉತ್ತರದ ತುದಿಯಲ್ಲಿ, ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲಿನಲ್ಲಿ. ಮನೆಯಾಕೆ ಮಿಸೆಸ್ ಹಾಬ್ಸ್, ಎಪ್ಪತ್ತರ ಹತ್ತಿರದ ವಿಧವೆ. ಒಬ್ಬಳೇ ಮಗಳು ಜೋನ್. ಮೂವತ್ತೈದು ದಾಟಿದ್ದಳು, ಮದುವೆಯಾಗಿರಲಿಲ್ಲ, ಪಕ್ಕದ ಬೀದಿಯ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಟೀಚರಾಗಿದ್ದಳು. ಮಹಡಿಯ ಎರಡು ಕೋಣೆ ನಮಗೆ, ಅಡುಗೆಮನೆ ಎಲ್ಲರಿಗೂ ಸೇರಿ ಒಂದೇ.

ಮೊದಲ ದಿನ ನಾನು ಸಾರಿಗೆ ಇಂಗಿನ ಒಗ್ಗರಣೆ ಹಾಕಿದಾಗ ಮಿಸೆಸ್ ಹಾಬ್ಸ್ ಗ್ಯಾಸ್ ಸೋರುತ್ತಿದೆ ಎಂದು ಓಡಿ ಬಂದು ಎಲ್ಲ ಕಿಟಕಿಗಳನ್ನೂ ತೆಗೆದುಬಿಟ್ಟರು. ನಾನು ಇಂಗಿನ ಡಬ್ಬಿ ತೋರಿಸಿದೆ. ಮೂಸಿ ನೋಡಿ, "ಇದನ್ನು ನೀವು ಬೇಕೆಂದೇ ಹಾಕುತ್ತೀರಾ?" ಎಂದರು. ಅಲ್ಲಿಂದ ನಮ್ಮಿಬ್ಬರಿಗೆ ಸ್ನೇಹವಾಯಿತು. ಯಜಮಾನರ ಹೆಸರಿನಿಂದ ನನ್ನನ್ನು ಮಿಸೆಸ್ ರುದ್ರಪ್ಪ ಎಂದು ಕರೆಯುತ್ತಿದ್ದರು, ಅದೂ ಪ್ರತಿ ಅಕ್ಷರವನ್ನೂ ಬೇರೆ ಬೇರೆ ಪಿಂಗಾಣಿ ಬಟ್ಟಲಿನಂತೆ ಜೋಪಾನವಾಗಿ ಎತ್ತಿಡುತ್ತ.

ಆ ದೇಶದಲ್ಲಿ ಮನೆಯೊಳಗಿನ ಜಗಳ ಹೊರಗಿನವರಿಗೆ ಬೇಗ ತಿಳಿಯುವುದಿಲ್ಲ. ನಮ್ಮಲ್ಲಾದರೆ ಪಾತ್ರೆ ಇಡುವ ಸದ್ದಿನಲ್ಲೇ ತಿಳಿಯುತ್ತದೆ. ಅಲ್ಲಿ ಎರಡು ದಿನ ತಾಯಿ ಮಗಳು "ದಯವಿಟ್ಟು", "ಥ್ಯಾಂಕ್ ಯೂ" ಎಂದು ಉಪ್ಪಿನ ಡಬ್ಬಿ ಸರಿಸಿಕೊಳ್ಳುತ್ತಿದ್ದುದನ್ನು ನೋಡಿ, ಎಷ್ಟು ಮರ್ಯಾದೆಯ ಜನ ಎಂದುಕೊಂಡಿದ್ದೆ. ಮೂರನೆಯ ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಜೋನ್, "ಭಾನುವಾರ ನಾನು ಹೋಗುತ್ತೇನೆ, ಅಮ್ಮ" ಎಂದಳು. ಮಿಸೆಸ್ ಹಾಬ್ಸ್ ರೊಟ್ಟಿಗೆ ಬೆಣ್ಣೆ ಸವರುತ್ತಲೇ, ದನಿ ಏರಿಸದೆ, "ಹೋದರೆ ಈ ಮನೆಗೆ ಮತ್ತೆ ಬರಬೇಡ" ಎಂದರು. ಸವರಿದ ರೊಟ್ಟಿಯನ್ನು ಅವಳ ತಟ್ಟೆಗೇ ಹಾಕಿದರು. ಜೋನ್ ಅದನ್ನು ಮುಟ್ಟದೆ ಎದ್ದುಹೋದಳು.

ವಿಷಯ ಆಟಂ ಬಾಂಬಿನದು. ಅದು ಬೇಡವೆಂದು ಅಲ್ಲಿಯ ಜನ ಕೆಲವು ವರ್ಷದಿಂದ ದಿನಗಟ್ಟಲೆ ನಡೆಯುವ ಮೆರವಣಿಗೆ ಮಾಡುತ್ತಿದ್ದರಂತೆ. ಮಿಸೆಸ್ ಹಾಬ್ಸ್ ಕೂಡ ಥರ್ಮಾಸಿನಲ್ಲಿ ಟೀ ತುಂಬಿಕೊಂಡು ಒಂದು ದಿನದ ದಾರಿ ನಡೆದವರೇ. ಆದರೆ ಈ ಸಲ ಜೋನ್ ಮತ್ತು ಅವಳ ಜೊತೆಯವರಿಗೆ ನಡೆದು ಸಾಕಾಗಿತ್ತು. ನಡೆದರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಬಾಂಬು ಇದ್ದಲ್ಲೇ ಇರುತ್ತದೆ. ಅದಕ್ಕೆ ಊರ ನಡುವಿನ ದೊಡ್ಡ ಚೌಕದಲ್ಲಿ ರಸ್ತೆಯ ಮೇಲೇ ಕೂತುಬಿಡುವುದು, ಪೊಲೀಸರು ಎತ್ತಿಕೊಂಡು ಹೋಗುವವರೆಗೂ ಏಳದಿರುವುದು ಎಂದು ನಿಶ್ಚಯಿಸಿದ್ದರು. ಸ್ಕೂಲಿನ ಟೀಚರು ಅರೆಸ್ಟಾದರೆ ಕೆಲಸ ಉಳಿಯುವುದು ಅನುಮಾನ.

"ನಿಮ್ಮ ಮೇಲೆ ಅವಳಿಗೆ ಗೌರವ ಇದೆ" ಎಂದರು ಮಿಸೆಸ್ ಹಾಬ್ಸ್ ಆವತ್ತು ಮಧ್ಯಾಹ್ನ, ನನ್ನ ಕೈ ಹಿಡಿದುಕೊಂಡು. "ಒಂದು ಮಾತು ಹೇಳಿ ನೋಡಿ. ನಾನು ಹೇಳಿದರೆ ಅವಳ ಕಿವಿ ಮುಚ್ಚಿಕೊಳ್ಳುತ್ತದೆ."

ಒಪ್ಪಿಕೊಂಡೆ. ದೊಡ್ಡವರು ಕೈ ಹಿಡಿದು ಕೇಳಿದರೆ ಆಗುವುದಿಲ್ಲ ಎನ್ನುವ ಅಭ್ಯಾಸ ನಮಗಿಲ್ಲ.

ಚರ್ಚಿನ ಹಾಲ್

ನಾನು ಬಾಯಿ ತೆಗೆಯುವ ಮೊದಲೇ ಜೋನ್ ನನ್ನನ್ನು ಕರೆದಳು. "ಗುರುವಾರ ಚರ್ಚಿನ ಹಾಲಿನಲ್ಲಿ ನಮ್ಮ ಅಭ್ಯಾಸ ಇದೆ. ನೀವು ಬರಲೇಬೇಕು. ಸತ್ಯಾಗ್ರಹವನ್ನು ಲೋಕಕ್ಕೆ ಹೇಳಿಕೊಟ್ಟವರು ನಿಮ್ಮವರು."

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಮೈಸೂರಿನಲ್ಲಿ ಚಳವಳಿ ನಡೆದಾಗ ನಾನು ಕಾನ್ವೆಂಟಿನ ಗೇಟಿನ ಒಳಗಿದ್ದೆ. ಹೊರಗೆ ಮೆರವಣಿಗೆ ಹೋಗುತ್ತಿದ್ದರೆ ಒಳಗೆ ಸಿಸ್ಟರ್ ಪಿಯಾನೋವನ್ನು ಇನ್ನಷ್ಟು ಜೋರಾಗಿ ಬಾರಿಸುತ್ತಿದ್ದರು, ನಾವು ಇನ್ನಷ್ಟು ಜೋರಾಗಿ ಹಾಡುತ್ತಿದ್ದೆವು. ನನ್ನ ಸತ್ಯಾಗ್ರಹ ಅಷ್ಟೇ. ಅದನ್ನು ಹೇಳಿದರೂ ಜೋನ್ ಕೇಳಲಿಲ್ಲ. ಸೀರೆ ಉಟ್ಟವರೆಲ್ಲ ಜೈಲು ಕಂಡವರೆಂದೇ ಅವಳ ಎಣಿಕೆ.

ಯಜಮಾನರಿಗೆ ತಿಳಿಸಿದೆ. ಶೂಗೆ ಪಾಲಿಶ್ ಹಾಕುತ್ತಿದ್ದವರು ಬ್ರಷ್ ಕೆಳಗಿಟ್ಟರು.

"ಅಲ್ಲ ಕಣೇ, ಅಲ್ಲಿ ಪೊಲೀಸ್ನೋರು ಬಂದು ನಿನ್ನೂ ಹಿಡ್ಕೊಂಡೋದ್ರೆ? ಸರ್ಕಾರ ನನ್ನ ಕಳ್ಸಿರೋದು ಕಾಲುವೆ ನೋಡ್ಕೊಂಡು ಬಾ ಅಂತ, ಹೆಂಡ್ತೀನ ಜಾಮೀನಿನ ಮೇಲೆ ಬಿಡಿಸ್ಕೊಂಡು ಬಾ ಅಂತಲ್ಲ."

"ಹೋಗ್ಬೇಡ ಅಂತ ಹೇಳೋಕೇ ಹೋಗ್ತಿರೋದು ಕಣ್ರೀ."

"ಹಂಗಾದ್ರೆ ಹೋಗು. ಸ್ವೆಟರ್ ಹಾಕ್ಕೋ."

ಹಾಲಿನಲ್ಲಿ ಮೂವತ್ತು ಜನ ಇದ್ದರು. ಲೈಬ್ರರಿಯವರು, ನರ್ಸುಗಳು, ಕಾಲೇಜು ಹುಡುಗಿಯರು, ಒಬ್ಬ ನಿವೃತ್ತ ಅಂಚೆಯವರು. ಇಬ್ಬರು ಕಾಗದದ ಟೋಪಿ ಹಾಕಿಕೊಂಡು ಪೊಲೀಸರಾಗಿದ್ದರು. ಉಳಿದವರು ಕೂರಬೇಕು, ಮೈ ಸಡಿಲ ಬಿಡಬೇಕು, ಪೊಲೀಸರು ಎತ್ತಬೇಕು. ಎಲ್ಲಕ್ಕೂ ಪಟ್ಟಿ, ತೋಳಿಗೆ ಪಟ್ಟಿ ಕಟ್ಟಿದ ಮೇಲ್ವಿಚಾರಕರು, ಮಧ್ಯೆ ಟೀ. ಪೊಲೀಸರ ಕೈಲಿ ಎತ್ತಿಸಿಕೊಳ್ಳುವುದಕ್ಕೂ ಅವರು ಸಾಲಿನಲ್ಲಿ ನಿಂತಿದ್ದರು.

ಆದರೆ ಐದು ನಿಮಿಷದಲ್ಲೇ ನನಗೊಂದು ಗೊತ್ತಾಯಿತು. ಈ ಜನಕ್ಕೆ ಕೂರಲು ಬರುವುದಿಲ್ಲ.

ಒಬ್ಬರು ಮಂಡಿಯನ್ನು ಗದ್ದಕ್ಕೆ ತಗಲಿಸಿಕೊಂಡು ಮುದುಡಿದ್ದರು. ಒಬ್ಬರು ಕಾಲು ಚಾಚಿ, ಹಿಂದಕ್ಕೆ ಕೈ ಊರಿ, ಸಮುದ್ರತೀರದಲ್ಲಿ ಬಿಸಿಲು ಕಾಯಿಸುವವರ ಹಾಗಿದ್ದರು. ಅಂಚೆಯವರು ಒಂದು ಕಡೆಗೆ ವಾಲುತ್ತ ವಾಲುತ್ತ ಕೊನೆಗೆ ಮಲಗಿಯೇಬಿಟ್ಟರು. ಹತ್ತು ನಿಮಿಷಕ್ಕೆ ಎಲ್ಲರಿಗೂ ಜೋಮು. ಇವರು ನಾಲ್ಕೈದು ಗಂಟೆ ಕಲ್ಲಿನ ಮೇಲೆ ಕೂರುವವರು! ಹುಟ್ಟಿದಾಗಿನಿಂದ ಕುರ್ಚಿ ಬಿಟ್ಟು ಕೆಳಗೆ ಕೂತವರಲ್ಲ, ಪಾಪ.

ನಮ್ಮ ಸಿಸ್ಟರುಗಳು ನಮಗೆ ಹತ್ತು ವರ್ಷ ಪಾಠ ಮಾಡಿದ್ದು ಕುರ್ಚಿಯ ಮೇಲೆ ಕೂರುವುದನ್ನು. ಬೆನ್ನು ನೆಟ್ಟಗೆ, ಕಣಕಾಲು ಕತ್ತರಿ, ಕೈ ಮಡಿಲಲ್ಲಿ. ಯಾರಾದರೂ ಮರೆತು ನೆಲದ ಮೇಲೆ ಕೂತರೆ "ನೀವೇನು ಸಂತೆಗೆ ಬಂದಿದ್ದೀರಾ?" ಎನ್ನುತ್ತಿದ್ದರು. ಅದನ್ನು ನೆನೆಸಿಕೊಳ್ಳುತ್ತ, ಸೀರೆಯ ನಿರಿಗೆ ಸರಿಮಾಡಿಕೊಂಡು, ಇಂಗ್ಲಿಷರ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

"ಹೀಗೆ" ಎಂದೆ.

ಹೇಳಿಕೊಟ್ಟೆ. ಕಂಬಳಿ ಮಡಿಸಿ ಸೊಂಟದ ಕೆಳಗೆ ಮಾತ್ರ ಇಡಿ, ಮಂಡಿ ತಾನಾಗಿ ಕೆಳಗೆ ಬರುತ್ತದೆ. ಭಾರವನ್ನು ಒಂದೇ ಕಡೆ ಬಿಡಬೇಡಿ. ಕಾಲು ಗಂಟೆಗೊಮ್ಮೆ ಮೇಲಿನ ಕಾಲು ಕೆಳಗೆ, ಕೆಳಗಿನದು ಮೇಲೆ. ರಾತ್ರಿಯಿಡೀ ಹರಿಕಥೆ ಕೇಳುವ ನಮ್ಮ ಹೆಂಗಸರು ಮಾಡುವುದು ಅಷ್ಟೇ ತಾನೆ? ಮೈಸೂರಿನ ಚಳವಳಿಗೆ ಹೋಗಿ ಹಿಡಿಸಿಕೊಂಡಿದ್ದ ನಮ್ಮಣ್ಣ ಜೈಲಿನಿಂದ ಬಂದು ಹೇಳಿದ್ದ ಇನ್ನೂ ಕೆಲವು ನೆನಪಾದವು. ಉಂಗುರ ಬಿಚ್ಚಿಟ್ಟು ಹೋಗಿ. ಹೊಟ್ಟೆ ತುಂಬ ತಿಂದುಕೊಳ್ಳಿ, ನೀರು ಮಾತ್ರ ಕಡಿಮೆ. ಅವರು ಅದನ್ನೆಲ್ಲ ಪೆನ್ಸಿಲಿನಲ್ಲಿ ಬರೆದುಕೊಂಡರು!

ಜೋನ್‌ಗೆ ಎಲ್ಲರಿಗಿಂತ ಚೆನ್ನಾಗಿ ಬಂತು. ಅವಳ ಮುಖದಲ್ಲಿ ಅಷ್ಟೊಂದು ಸಂತೋಷವನ್ನು ನಾನು ನೋಡಿಯೇ ಇರಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ನೆನಪಾಯಿತು: ನಾನು ಹೋದದ್ದು ಬೇಡವೆನ್ನಲು.

ಗ್ಯಾಸಿನ ಒಲೆಯ ಮುಂದೆ

ಶನಿವಾರ ಸಂಜೆ ಜೋನ್ ಕೆಳಗಿನ ಕೋಣೆಯಲ್ಲಿ ಚಳಿ ಕಾಯಿಸುವ ಗ್ಯಾಸಿನ ಒಲೆಯ ಮುಂದೆ, ರತ್ನಗಂಬಳಿಯ ಮೇಲೆ, ಚಕ್ಕಳಮಕ್ಕಳ ಹಾಕಿಕೊಂಡು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದಳು. ಮಿಸೆಸ್ ಹಾಬ್ಸ್ ಹೆಣಿಗೆ ಹಿಡಿದು ಒಳಗೆ ಬಂದವರು ಬಾಗಿಲಲ್ಲೇ ನಿಂತರು.

"ಯಾರು ಹೇಳಿಕೊಟ್ಟದ್ದು ಅದನ್ನು?"

ಜೋನ್ ತಲೆ ಎತ್ತಲಿಲ್ಲ. ನನ್ನ ಹೆಸರು ಹೇಳುವವಳಲ್ಲ ಅವಳು.

"ನಾನು" ಎಂದೆ.

ಮಿಸೆಸ್ ಹಾಬ್ಸ್ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಮ್ಮ ಕಾಲದಲ್ಲಿ ಕೂತವರು ಎಂದರೆ ಮನೆಯಲ್ಲೇ ಉಳಿದವರು" ಎಂದಷ್ಟೇ ಹೇಳಿ, ನೂಲಿನ ಉಂಡೆ ತೆಗೆದುಕೊಂಡು ಮಹಡಿ ಹತ್ತಿದರು. ಅವರ ಕಾಲ ಎಂದರೆ ಯಾವುದು ಎಂದು ನನಗಾಗ ತಿಳಿಯಲಿಲ್ಲ.

ಚೌಕ

ಭಾನುವಾರ ಮಧ್ಯಾಹ್ನ ಉಣ್ಣೆ ತರುತ್ತೇನೆ ಎಂದು ಹೊರಟೆ. ಭಾನುವಾರ ಅಲ್ಲಿ ಉಣ್ಣೆಯ ಅಂಗಡಿ ತೆರೆದಿರುವುದಿಲ್ಲ ಎಂದು ಯಜಮಾನರಿಗೂ ಗೊತ್ತಿತ್ತು. "ದೂರದಲ್ಲೇ ನಿಂತ್ಕೋ" ಎಂದರು.

ಚೌಕದ ಅಂಚಿನ ಕಟ್ಟೆಯ ಮೇಲೆ ನಿಂತೆ. ಎಷ್ಟು ಜನ! ಆದರೆ ಎಷ್ಟು ಕಡಿಮೆ ಸದ್ದು. ನಮ್ಮ ಸುಬ್ಬರಾಯನಕೆರೆ ಮೈದಾನದಲ್ಲಿ ಇದರ ಕಾಲುಭಾಗ ಜನ ಸೇರಿದ್ದರೂ ಜೈಕಾರ ಒಂಟಿಕೊಪ್ಪಲಿಗೆ ಕೇಳುತ್ತಿತ್ತು. ಆಗ ನಮ್ಮಲ್ಲಿ ಹಾಡಿಕೊಂಡು ನಡೆದೇ ಬರುತ್ತಿದ್ದರು, ಖಾದಿ ಟೋಪಿ, ಕೈಯಲ್ಲಿ ಬಾವುಟ. ಬೀದಿಯುದ್ದಕ್ಕೂ ಮನೆ ಮನೆಯವರು ಮಜ್ಜಿಗೆ ಕೊಡುತ್ತಿದ್ದರು. ಈಗೀಗ ನಮ್ಮೂರಿನ ಮೆರವಣಿಗೆಗೆ ಧ್ವನಿವರ್ಧಕ ಕಟ್ಟಿದ ಕಾರು ಮುಂದೆ. ಕಡಕೊಳದ ಕಡೆಯಿಂದೆಲ್ಲ ಲಾರಿಯಲ್ಲಿ ಜನ ಬರುತ್ತಾರೆ, ಸಂಜೆ ಲಾರಿಯಲ್ಲೇ ಹೋಗುತ್ತಾರೆ. ಮಜ್ಜಿಗೆ ಕೊಡೋಣವೆಂದರೆ ಲಾರಿ ನಿಲ್ಲುವುದಿಲ್ಲ. ಇಲ್ಲಿಯವರು ಮಜ್ಜಿಗೆಯ ಆಸೆ ಇಟ್ಟುಕೊಂಡವರಲ್ಲ, ತಮ್ಮ ಟೀ ತಾವೇ ಹೊತ್ತು ತಂದಿದ್ದರು.

ಜೋನ್‌ಳ ಗುಂಪು ಸಿಂಹದ ಪ್ರತಿಮೆಯೊಂದರ ಎದುರಿಗಿತ್ತು. ಮೂರು ಗಂಟೆ ಕಾಲ, ತುಂತುರು ಮಳೆಯಲ್ಲಿ, ಆ ಮೂವತ್ತು ಜನ ಮದುವೆ ಮನೆಯ ಪಂಕ್ತಿಯ ಹಾಗೆ ಕೂತಿದ್ದರು. ಸುತ್ತಲಿನವರೆಲ್ಲ ಎದ್ದು ಕಾಲು ಕೊಡವಿಕೊಂಡರೂ ಇವರು ಅಲುಗಲಿಲ್ಲ. ಪೊಲೀಸರು ಬಂದರು. "ಕ್ಷಮಿಸಿ, ಮೇಡಂ" ಎಂದು ಹೇಳಿಯೇ ಎತ್ತುತ್ತಿದ್ದರು. ಮೈ ಸಡಿಲ ಬಿಡಬೇಕು ಎನ್ನುವುದನ್ನು ಜೋನ್ ಮರೆತೇಬಿಟ್ಟಿದ್ದಳು. ನಾಲ್ಕು ಜನ ಎತ್ತಿದಾಗ ಮಡಿಸಿದ ಕಾಲು ಮಡಿಸಿದ ಹಾಗೇ, ಕೈ ಮಡಿಲಲ್ಲೇ ಇಟ್ಟುಕೊಂಡು, ಕೆರೆಗೆ ಬಿಡಲು ಹೊರಟ ಗಣಪತಿಯ ಹಾಗೆ ಜನದ ತಲೆಯ ಮೇಲೆ ತೇಲಿಕೊಂಡು ಹೋದಳು. ನಗು ಬಂತು. ನಗುತ್ತಿದ್ದ ಹಾಗೇ ಕಣ್ಣೂ ತುಂಬಿತು. ಪೊಲೀಸ್ ಗಾಡಿಯ ಬಾಗಿಲು ಮುಚ್ಚಿತು.

ಅಡುಗೆಮನೆ

ಮನೆಗೆ ಬಂದಾಗ ಮಿಸೆಸ್ ಹಾಬ್ಸ್ ದೀಪ ಹಾಕದೆ ಅಡುಗೆಮನೆಯಲ್ಲಿ ಕೂತಿದ್ದರು. ಹೇಗಿದ್ದಾಳೆ ಎಂದು ಕೇಳಲಿಲ್ಲ.

"ಹೇಗೆ ಎತ್ತಿದರು? ತೋಳು ತಿರುಚಿದರಾ?"

"ಇಲ್ಲ. ನಾಲ್ಕು ಜನ. ಮೆತ್ತಗೆ."

"ನಮ್ಮನ್ನು ಹಾಗೆ ಎತ್ತಲಿಲ್ಲ" ಎಂದರು.

ಆಗ ತಿಳಿಯಿತು ಅವರ ಕಾಲ ಯಾವುದೆಂದು. ಹೆಂಗಸರಿಗೆ ಓಟು ಬೇಕೆಂದು ಆ ದೇಶದಲ್ಲಿ ನಡೆದ ಚಳವಳಿಯಲ್ಲಿ ಈಕೆ ಇಪ್ಪತ್ತರ ಹುಡುಗಿ. "ಅತ್ಯುತ್ತಮ ಟೋಪಿ, ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಕಿಕೊಂಡೇ ಹೋಗಬೇಕಿತ್ತು. ಹುಚ್ಚಿಯರು ಅಂತ ಅನ್ನಿಸಿಕೊಳ್ಳಬಾರದಲ್ಲ. ಇವಳು ನೋಡಿ, ಮೀನುಗಾರರ ಕೋಟು ಹಾಕಿಕೊಂಡು ಹೋಗಿದ್ದಾಳೆ. ಅಂಥ ಒಳ್ಳೆಯ ಟೋಪಿ ಹಾಕಿಕೊಂಡು, ಕೈಚೀಲದಲ್ಲಿ ಸುತ್ತಿಗೆ ಇಟ್ಟುಕೊಂಡು ಹೋಗಿ ನಾನು ಅಂಗಡಿಯ ಗಾಜು ಒಡೆದೆ, ಮಿಸೆಸ್ ರುದ್ರಪ್ಪ. ಎಷ್ಟು ಚೆಂದದ ಗಾಜು. ಈಗಲೂ ಬೇಸರವಾಗುತ್ತದೆ."

ಜೈಲಾಯಿತು. ಅಲ್ಲಿ ಊಟ ಬಿಟ್ಟರು. ಊಟ ಬಿಟ್ಟವರಿಗೆ ಆಮೇಲೆ ಏನು ಮಾಡಿದರು ಎನ್ನುವುದನ್ನು ಮಾತ್ರ ಅವರು ಹೇಳಲಿಲ್ಲ. ಬಿಡುಗಡೆಯಾಗಿ ಮನೆಗೆ ಬಂದು ಬಾಗಿಲು ಬಡಿದರೆ, ಬಾಗಿಲಲ್ಲಿ ಅಂಚೆ ಕಾಗದ ಹಾಕುವ ಸಂದಿಯ ಮುಚ್ಚಳವನ್ನು ಬೆರಳಿನಿಂದ ಎತ್ತಿ ಅವರ ತಂದೆ, "ಆ ಹೆಸರಿನವರು ಈ ಮನೆಯಲ್ಲಿ ಯಾರೂ ಇಲ್ಲ" ಎಂದರಂತೆ. ಅಷ್ಟೇ. ಆಮೇಲೆ ತಂದೆಯ ಮುಖವನ್ನು ನೋಡಲೇ ಇಲ್ಲ.

"ಜೋನ್‌ಗೆ ಜೈಲಿನ ಕಥೆ ಗೊತ್ತು. ಬಾಗಿಲಿನದು ಹೇಳಿಲ್ಲ. ಅವಳ ಕೆಲಸ ಹೋಗುತ್ತದೆ ಎಂದು ಹೆದರಿ ಏನೋ ಒಂದು ಹೇಳಲು ಹೋದೆ. ಬಾಯಿ ತೆಗೆದರೆ ಬಂದದ್ದು ಅಪ್ಪನ ಮಾತು. ಐವತ್ತು ವರ್ಷ ಅದು ನನ್ನೊಳಗೆ ಎಲ್ಲಿ ಕೂತಿತ್ತೋ. ಈಗ ಹೇಗೆ ಹಿಂದಕ್ಕೆ ತೆಗೆದುಕೊಳ್ಳಲಿ?"

ನಮ್ಮ ಮನೆಯ ಕಥೆ ಹೇಳಿದೆ.

ನಲವತ್ತೇಳರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದು ತಿಂಗಳಾಗಿದ್ದರೂ ಮೈಸೂರಿಗೆ ಜನರ ಸರ್ಕಾರ ಬಂದಿರಲಿಲ್ಲ. ಅದಕ್ಕಾಗಿ ಚಳವಳಿ. ಅಪ್ಪಾಜಿ ಅರಮನೆಯ ಕಚೇರಿಯಲ್ಲಿ ಗುಮಾಸ್ತರು, ಅಣ್ಣ ಗಂಗಾಧರ ಕಾಲೇಜು ಹುಡುಗ. ಬಾವುಟ ಹಿಡಿದು ಹೊರಟವನಿಗೆ ಅಪ್ಪಾಜಿ, "ಹೊಸಿಲು ದಾಟಿದ್ರೆ ಮತ್ತೆ ಈ ಮನೆಗೆ ಬರ್ಬೇಡ ಕಣೋ" ಎಂದುಬಿಟ್ಟರು. ಅವನು ದಾಟಿದ. ಸಂಜೆ ಕಾನ್ಸ್ಟೇಬಲ್ ಮಾದಪ್ಪ, ನಮ್ಮ ಹಿಂದಿನ ಬೀದಿಯವನೇ, ಹಿತ್ತಲ ಬಾಗಿಲಿಗೆ ಬಂದ.

"ಅವ್ವಾ, ಗಂಗಪ್ಪನೋರು ಸಂದಾಕವ್ರೆ. ಲಾರಿಗೆ ನಾನೇ ಕೈ ಕೊಟ್ಟು ಅತ್ತಿಸ್ದೆ. ಅಳ್ಬ್ಯಾಡಿ ಬುಡಿ. ಅನ್ನ ಕಟ್ಕೊಡಿ, ತಲುಪಿಸ್ಬುಡ್ತೀನಿ."

ಅಪ್ಪಾಜಿ ನಡುಮನೆಯಲ್ಲೇ ಇದ್ದರು. ಅವ್ವ ಹೆದರಿ ಮಾದಪ್ಪನನ್ನು ಬರಿಗೈಯಲ್ಲಿ ಕಳಿಸಿದರು. ಎರಡು ದಿನ ಮನೆಯಲ್ಲಿ ಯಾರೂ ಅಣ್ಣನ ಹೆಸರೆತ್ತಲಿಲ್ಲ. ಮೂರನೆಯ ದಿನ ವಿಭೂತಿ ಇಟ್ಟುಕೊಂಡು ಊಟಕ್ಕೆ ಕೂತ ಅಪ್ಪಾಜಿ ಸಾಲು ನೋಡಿ ಕೇಳಿದರು:

"ಅವನ ತಟ್ಟೆ ಎಲ್ಲಿ?"

"ನೀವೇ ಬರ್ಬೇಡ ಅಂದ್ರಲ್ಲ" ಎಂದರು ಅವ್ವ.

"ಬರ್ಬೇಡ ಅಂದೆ. ಊಟ ಮಾಡ್ಬೇಡ ಅಂದ್ನೇನೇ?" ಎಂದು ಗದರಿದರು. "ಆ ಮಾದಪ್ಪ ಎಲ್ಲಿ ಸತ್ತ? ಕರಿ ಅವನ್ನ."

ಮಿಸೆಸ್ ಹಾಬ್ಸ್ ನಕ್ಕರು. ನಕ್ಕು, ಕನ್ನಡಕ ತೆಗೆದು ಒರೆಸಿಕೊಂಡರು. "ನಿಮಗೆ ಹಾಗೆ ಸುತ್ತಿ ಬರಲು ಒಂದು ದಾರಿ ಇದೆ. ನಮ್ಮಲ್ಲಿ ನೆಟ್ಟಗೆ ಹೇಳಬೇಕು. ಆ ಮಾತು ನನ್ನ ನಾಲಿಗೆಗೆ ಬರುವುದಿಲ್ಲ."

ಕೋರ್ಟಿನ ಮೆಟ್ಟಿಲು, ಆಮೇಲೆ ಬಸ್ಸು

ಸೋಮವಾರ ಬೆಳಿಗ್ಗೆ ಇಬ್ಬರೂ ಕೋರ್ಟಿಗೆ ಹೋದೆವು. ದಾರಿಯುದ್ದಕ್ಕೂ ಮಿಸೆಸ್ ಹಾಬ್ಸ್ ತುಟಿ ಅಲುಗಿಸುತ್ತ ಏನನ್ನೋ ಬಾಯಿಪಾಠ ಮಾಡುತ್ತಿದ್ದರು. ಹನ್ನೊಂದರ ಹೊತ್ತಿಗೆ ಜೋನ್ ಹೊರಗೆ ಬಂದಳು. ಎಚ್ಚರಿಕೆ ಕೊಟ್ಟು ಬಿಟ್ಟಿದ್ದರು. ಕೂದಲು ಕೆದರಿತ್ತು, ಕೋಟಿನ ಮೇಲೆ ಒಣಗಿದ ಕೆಸರು. ತಾಯಿಯನ್ನು ಅಲ್ಲಿ ನೋಡಿ ಅವಳ ಹೆಜ್ಜೆ ನಿಂತಿತು.

ಮಿಸೆಸ್ ಹಾಬ್ಸ್ ಬಾಯಿ ತೆಗೆದರು. ಬಾಯಿಪಾಠ ಮಾಡಿದ್ದು ಎಲ್ಲಿಗೆ ಹೋಯಿತೋ. "ಕಾಲು ಹೇಗಿದೆ?" ಎಂದರು.

"ಜೋಮೇ ಹಿಡಿಯಲಿಲ್ಲ." ಜೋನ್ ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. ಆಮೇಲೆ ತಾಯಿಗೆ, ಅದೇ ಮರ್ಯಾದೆಯ ದನಿಯಲ್ಲಿ, "ಗುರುವಾರ ಹೆಡ್‌ಮಿಸ್ಟ್ರೆಸ್ ಕರೆಯುತ್ತಾರೆ, ಏನು ಹೇಳುತ್ತಾರೋ. ನಾನೀಗ ಮನೆಗೆ ಬಂದು ನನ್ನ ಸಾಮಾನು ಕಟ್ಟಿಕೊಳ್ಳುತ್ತೇನೆ, ಅಮ್ಮ. ಗೆಳತಿಯ ಹತ್ತಿರ ಒಂದು ಕೋಣೆ ಖಾಲಿ ಇದೆ. ಹೆಚ್ಚು ಹೊತ್ತು ಇರುವುದಿಲ್ಲ" ಎಂದಳು.

ಮಿಸೆಸ್ ಹಾಬ್ಸ್ ತಲೆಯಾಡಿಸಿದರು. ಹೌದೆಂದೋ ಇಲ್ಲವೆಂದೋ ಗೊತ್ತಾಗಲಿಲ್ಲ. ಬಸ್ಸು ಬಂತು.

ತಾಯಿ ಮಗಳು ಒಂದು ಸೀಟಿನಲ್ಲಿ, ಹಿಂದಿನದರಲ್ಲಿ ನಾನು. ಎರಡು ಸ್ಟಾಪು ಹೋಗುವುದರೊಳಗೆ ಜೋನ್‌ಗೆ ನಿದ್ದೆ ಹತ್ತಿತು. ತಲೆ ಕಿಟಕಿಗೆ ಬಡಿಯುತ್ತಿತ್ತು. ಮಿಸೆಸ್ ಹಾಬ್ಸ್ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, ಕೈಗವಸು ಬಿಚ್ಚಿ, ಮೆಲ್ಲಗೆ ಆ ತಲೆಯನ್ನು ತಮ್ಮ ಭುಜಕ್ಕೆ ಒರಗಿಸಿಕೊಂಡರು. ಆಮೇಲೆ ಅಲುಗಲಿಲ್ಲ.

ನಮ್ಮ ಸ್ಟಾಪು ಬಂತು. ನಾನು ಎದ್ದೆ. ಅವರು ಏಳಲಿಲ್ಲ. ಕಂಡಕ್ಟರ್ ಅವರನ್ನು ವರ್ಷಗಟ್ಟಲೆಯಿಂದ ಬಲ್ಲವನು, "ಮಿಸೆಸ್ ಹಾಬ್ಸ್, ನಿಮ್ಮ ಬೀದಿ" ಎಂದ. "ಇನ್ನೂ ಮುಂದೆ ಹೋಗಬೇಕು" ಎಂದರು, ಅವನ ಮುಖ ನೋಡದೆ. ನಾನು ಮತ್ತೆ ಕೂತೆ. ನಮ್ಮ ಬೀದಿ, ಜೋನ್‌ಳ ಸ್ಕೂಲು, ಹಾಲಿನ ಅಂಗಡಿ, ಎಲ್ಲ ಹಿಂದಕ್ಕೆ ಹೋದವು. ನಾನು ಒಮ್ಮೆಯೂ ನೋಡದ ಬೀದಿಗಳು ಬಂದವು, ಆಮೇಲೆ ಹೊಲ ಬಂತು.

ಕೊನೆಯ ನಿಲ್ದಾಣದಲ್ಲಿ ಎಂಜಿನ್ ನಿಂತ ಮೌನಕ್ಕೆ ಜೋನ್‌ಗೆ ಎಚ್ಚರವಾಯಿತು. ಕಿಟಕಿಯಾಚೆ ನೋಡಿದಳು. ಹಸುಗಳು ಮೇಯುತ್ತಿದ್ದವು.

"ಎಲ್ಲಿದ್ದೇವೆ?"

"ಕೊನೆಯಲ್ಲಿ."

"ಮನೆ ದಾಟಿಬಿಟ್ಟೆವಲ್ಲ. ಯಾಕಮ್ಮ ಇಳಿಯಲಿಲ್ಲ?"

"ಇಳಿದರೆ ನೀನು ಸಾಮಾನು ಕಟ್ಟುತ್ತೀಯ" ಎಂದರು ಮಿಸೆಸ್ ಹಾಬ್ಸ್.

ಜೋನ್ ತಾಯಿಯ ಮುಖವನ್ನೇ ನೋಡಿದಳು. ತಲೆಯನ್ನು ಮತ್ತೆ ಆ ಭುಜದ ಮೇಲಿಟ್ಟಳು, ಈ ಸಲ ಎಚ್ಚರವಾಗಿದ್ದುಕೊಂಡೇ. ಕಂಡಕ್ಟರ್ ಬಂದು ನಮ್ಮನ್ನು ನೋಡಿದ, ಏನೂ ಕೇಳದೆ ಬೋರ್ಡು ತಿರುಗಿಸಲು ಹೋದ. ಬಸ್ಸು ಹಸುಗಳ ಪಕ್ಕದಲ್ಲಿ ಒಂದು ಸುತ್ತು ಹಾಕಿ ಹೊರಟಿತು.